ತೈ ಚಿಯನ್ನು ಹೊಡೆದಾಟದ ವಿದ್ಯೆಯಾಗಿ ಕಲಿಯೋದು, ಕಲಿಸೋದು ಹೇಗೆ?

"ಪಾರ್ಕಿನಲ್ಲಿ ನಿಧಾನವಾಗಿ ಕೈ ಆಡಿಸೋದು ತಾನೇ ತೈ ಚಿ? ಅದರಿಂದ ಹೊಡೆದಾಡೋಕೆ ಹೇಗೆ ಬರುತ್ತೆ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಅದರ ಹಿಂದೆಯೇ ಇನ್ನೊಂದು: "ವರ್ಷಗಟ್ಟಲೆ ಫಾರ್ಮ್ ಮಾಡಿದ್ದೇನೆ, ಆದರೂ ಯಾರಾದರೂ ಜೋರಾಗಿ ತಳ್ಳಿದರೆ ಬಿದ್ದೇ ಹೋಗ್ತೀನಿ, ಯಾಕೆ?" ಫಾರ್ಮ್ ಅಂದರೆ ವರಸೆಗಳನ್ನು ಸಾಲಾಗಿ ಪೋಣಿಸಿದ ಪಾಠ. ಎರಡು ಪ್ರಶ್ನೆಗೂ ಉತ್ತರ ಒಂದೇ. ತೈ ಚಿ ಇನ್ನೊಬ್ಬರ ಮೈ ಮುಟ್ಟಿ ಕಲಿಯಬೇಕಾದ ವಿದ್ಯೆ. ಒಬ್ಬರೇ ಮಾಡುವ ಭಾಗ ಅದರಲ್ಲಿ ಅರ್ಧ ಮಾತ್ರ. ಉಳಿದರ್ಧ ಬಿಟ್ಟರೂ ಒಳ್ಳೆಯ ವ್ಯಾಯಾಮ ಸಿಗುತ್ತದೆ, ಅದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಹೊಡೆದಾಟ ಮಾತ್ರ ಬರುವುದಿಲ್ಲ.

ಆ ಅರ್ಧ ಎಲ್ಲಿ ಹೋಯ್ತು? ತೈ ಚಿ ಹುಟ್ಟಿದ್ದು ಚೀನಾದ ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿಯಲ್ಲಿ, 17ನೇ ಶತಮಾನದ ಚೆನ್ ವಾಂಗ್‌ಟಿಂಗ್‌ನಿಂದ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿ ಚೆನ್ ಚಾಂಗ್‌ಶಿಂಗ್ (1771–1853) ಹತ್ತಿರ ಕಲಿತ ಯಾಂಗ್ ಲೂಚಾನ್ (1799–1872) ಬೀಜಿಂಗ್‌ಗೆ ಹೋಗಿ ಕಲಿಸಿದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಕಾಲಕ್ಕೆ ಚಲನೆಗಳು ದೊಡ್ಡದಾಗಿ, ನಿಧಾನವಾಗಿ, ಒಂದೇ ವೇಗದಲ್ಲಿ ಸಾಗುವಂತಾದವು. ಯಾರು ಬೇಕಾದರೂ ಕಲಿಯುವ ಹಾಗಾಯಿತು. ಆಮೇಲೆ 1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯಿಂದ ಆರಿಸಿ 24 ಭಂಗಿಗಳ ಚಿಕ್ಕ ಫಾರ್ಮ್ ಮಾಡಿತು. ಇವತ್ತು ಜಗತ್ತಿನ ಪಾರ್ಕುಗಳಲ್ಲಿ ಜಾಸ್ತಿ ಕಾಣುವುದು ಅದೇ. ಅದನ್ನು ಮಾಡಿದ್ದೇ ಜನರ ಆರೋಗ್ಯಕ್ಕಾಗಿ. ಹಾಗಾಗಿ ಜೊತೆಗಾರನ ಜೊತೆ ಮಾಡುವ ಅಭ್ಯಾಸ ಅದರ ಜೊತೆ ಬರಲಿಲ್ಲ. ಹಳೇ ಮನೆತನಗಳಲ್ಲಿ ಅದು ಈಗಲೂ ಇದೆ, ಹುಡುಕಿಕೊಂಡು ಹೋಗಬೇಕು.

ಏನೇನು ಬೇಕು?

ವಾರಕ್ಕೆ ಕನಿಷ್ಠ ಎರಡು ದಿನ ಸಿಗುವ ಒಬ್ಬ ಜೊತೆಗಾರ ಬೇಕು. ಇದು ಮೊದಲನೆಯದು, ಬಟ್ಟೆ ಬೂಟು ಎಲ್ಲ ಆಮೇಲೆ. ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಒಬ್ಬರೇ ಮಾಡುವಷ್ಟು ಸಮಯ, ಸಮತಟ್ಟಾದ ಜಾಗ, ತೆಳು ಅಟ್ಟೆಯ ಶೂ. ನೆಲಕ್ಕೆ ಗಟ್ಟಿಯಾಗಿ ಅಂಟುವ ರಬ್ಬರ್ ಅಟ್ಟೆ ಬೇಡ, ತಿರುಗುವಾಗ ಪಾದ ನಿಂತುಬಿಟ್ಟು ಮಂಡಿ ತಿರುಚುತ್ತದೆ. ಮುಂದಿನ ಹಂತಗಳಿಗೆ ಬಾಯಿಗೆ ಹಾಕುವ ಮೌತ್‌ಗಾರ್ಡ್, 16 ಔನ್ಸಿನ ಬಾಕ್ಸಿಂಗ್ ಗ್ಲೌಸ್, ಬೀಳೋಕೆ ಮ್ಯಾಟ್ ಬೇಕಾಗುತ್ತವೆ. ರೇಷ್ಮೆ ಬಟ್ಟೆ ಬೇಡವೇ ಬೇಡ.

1. ಗುರುವನ್ನು ಆರಿಸಿ

ಕ್ಲಾಸಿಗೆ ಹೋಗಿ, ಒಂದು ದಿನ ಸುಮ್ನೆ ಕೂತು ನೋಡಿ. ಶಿಷ್ಯರು ಒಬ್ಬರನ್ನೊಬ್ಬರು ಮುಟ್ಟಿ ಅಭ್ಯಾಸ ಮಾಡುತ್ತಾರಾ? ಆಮೇಲೆ ಗುರುವಿನ ಹತ್ತಿರ ವಿನಯದಿಂದಲೇ ಕೇಳಿ: "ಸರ್, ನಾನು ಒಂದ್ಸಲ ನಿಮ್ಮನ್ನು ತಳ್ಳಬಹುದಾ?" ಈ ವಿದ್ಯೆಯಲ್ಲಿ ಅದು ಅಗೌರವದ ಮಾತಲ್ಲ. ಒಳ್ಳೆಯ ಗುರುಗಳು ಖುಷಿಯಿಂದ ಕೈ ಕೊಡುತ್ತಾರೆ.

ದೊಡ್ಡ ಎಚ್ಚರಿಕೆ ಇಲ್ಲಿದೆ. ಗುರು ಮುಟ್ಟಿದ ತಕ್ಷಣ ಅವರದೇ ಶಿಷ್ಯರು ನಾಲ್ಕಡಿ ಹಾರಿ ಬೀಳುತ್ತಾರೆ, ನಿಮ್ಮಂಥ ಹೊಸಬರಿಗೆ ಮಾತ್ರ ಏನೂ ಆಗುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಶಿಷ್ಯರು ಬೇಕಂತ ನಾಟಕ ಆಡುತ್ತಿರುತ್ತಾರೆ ಅಂತಲ್ಲ; ಗುರುವಿನ ಮೇಲಿನ ಗೌರವಕ್ಕೆ ಮೈ ತಾನಾಗಿ ಸಹಕರಿಸುವುದನ್ನು ರೂಢಿ ಮಾಡಿಕೊಂಡಿರುತ್ತದೆ. ಆ ರೂಢಿ ಒಮ್ಮೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ.

ಪರಂಪರೆಯ ಪಟ್ಟಿ ನೋಡಿ, ಯಾರ ಹತ್ತಿರ ಏನು ಕಲಿತರು ಅನ್ನೋದು ಅದರಿಂದ ಗೊತ್ತಾಗುತ್ತದೆ. ಆದರೆ ಪಟ್ಟಿಯಲ್ಲಿ ದೊಡ್ಡ ಹೆಸರಿದ್ದ ಮಾತ್ರಕ್ಕೆ ಕೈಯಲ್ಲಿ ವಿದ್ಯೆ ಇದೆ ಅಂತ ಆಗಲ್ಲ. ಬೈ ಶಿ ಅಂತ ಒಂದು ವಿಧಿ ಇದೆ, ಗುರು ನಿಮ್ಮನ್ನು ಮನೆತನದ ಶಿಷ್ಯನಾಗಿ ಒಪ್ಪಿಕೊಳ್ಳುವುದು. ಮೊದಲ ವರ್ಷವೇ ಅದಕ್ಕೆ ಕರೆದರೆ ತಡೆಯಿರಿ.

ಊರಲ್ಲಿ ಗುರುವೇ ಸಿಗದಿದ್ದರೆ? ವಿಡಿಯೊ ನೋಡಿ ಫಾರ್ಮಿನ ಆಕಾರ ಕಲಿಯಬಹುದು, ಇಬ್ಬರು ಕೈಗೆ ಕೈ ಅಂಟಿಸಿ ಮಾಡುವ ತುಯ್ ಶೌ ಕಲಿಯೋಕೆ ಆಗುವುದೇ ಇಲ್ಲ. ಅಲ್ಲಿಯವರೆಗೆ ಹತ್ತಿರದ ಜೂಡೊ ಕ್ಲಾಸಿಗೋ ಗರಡಿ ಮನೆಗೋ ಸೇರಿಕೊಳ್ಳಿ. ಮೈಸೂರು, ದಾವಣಗೆರೆ, ಧಾರವಾಡದ ಕಡೆಯವರಿಗೆ ಗರಡಿ ಸಿಗುವುದು ಕಷ್ಟವಲ್ಲ. ಅಲ್ಲಿ ಬೀಳೋದು ಕಲಿಯುತ್ತೀರಿ, ಇನ್ನೊಬ್ಬರ ಭಾರ ಮೈಮೇಲೆ ಬಂದಾಗ ಗಾಬರಿಯಾಗದೆ ಇರೋದು ಕಲಿಯುತ್ತೀರಿ. ಎರಡೂ ಮುಂದೆ ತೈ ಚಿಗೆ ನೇರವಾಗಿ ಕೆಲಸಕ್ಕೆ ಬರುತ್ತವೆ.

2. ನಿಲ್ಲೋದು ಕಲಿಯಿರಿ

ಇದಕ್ಕೆ ಜಾನ್ ಜುವಾಂಗ್ ಅನ್ನುತ್ತಾರೆ, ಕದಲದೆ ನಿಲ್ಲುವ ಅಭ್ಯಾಸ. ಪಾದಗಳು ಭುಜದಷ್ಟು ಅಗಲ, ಬೆರಳು ಮುಂದಕ್ಕೆ. ಮಂಡಿಯನ್ನು ಸ್ವಲ್ಪ ಮಾತ್ರ ಮಡಿಸಿ, ತೊಡೆಸಂದು ಸಡಿಲ ಬಿಡಿ. ತೊಡೆಸಂದಿಗೆ ಇವರು ಕುವಾ ಅನ್ನುತ್ತಾರೆ, ಈ ಹೆಸರು ಮುಂದೆ ನೂರು ಸಲ ಕೇಳುತ್ತೀರಿ. ಎರಡೂ ಕೈ ಎದೆಯ ಮಟ್ಟದಲ್ಲಿ ದುಂಡಗೆ, ಮೊಣಕೈ ಮಣಿಕಟ್ಟಿಗಿಂತ ಕೆಳಗೆ, ಕಂಕುಳಲ್ಲಿ ಸ್ವಲ್ಪ ಜಾಗ. ನೆತ್ತಿ ಮೇಲಕ್ಕೆ, ಗಲ್ಲ ಸ್ವಲ್ಪ ಒಳಕ್ಕೆ. ಮೂಗಿನಲ್ಲೇ ಉಸಿರಾಟ. 5 ನಿಮಿಷದಿಂದ ಶುರು ಮಾಡಿ, ಕೆಲವು ತಿಂಗಳಲ್ಲಿ 20 ನಿಮಿಷಕ್ಕೆ ಬನ್ನಿ.

ಸ್ವಲ್ಪ ಹೊತ್ತಿಗೇ ಹೆಗಲು ಉರಿಯೋಕೆ ಶುರುವಾಗುತ್ತದೆ. ಆಗ ಎಲ್ಲರೂ ಕೈ ಇಳಿಸುತ್ತಾರೆ, ನೀವು ಹೆಗಲು ಇಳಿಸಿ. ಅನವಶ್ಯಕ ಬಿಗಿ ಬಿಟ್ಟು ಆಕಾರ ಉಳಿಸಿಕೊಳ್ಳುವ ಈ ಸ್ಥಿತಿಗೆ ಸಾಂಗ್ ಅಂತ ಹೆಸರು. ಪೂರ್ತಿ ಸಡಿಲ ಬಿಟ್ಟರೆ ಅದು ಕುಸಿಯುವುದು, ಸಾಂಗ್ ಆಗಲ್ಲ.

ಸರಿಯಾಗಿ ನಿಂತಿದ್ದೀರಾ ಅಂತ ನೋಡಲು ಜೊತೆಗಾರನಿಗೆ ನಿಮ್ಮ ಮುಂಗೈ ಮೇಲೆ ಅಂಗೈ ಇಟ್ಟು ನಿಧಾನವಾಗಿ ಒತ್ತಲು ಹೇಳಿ. ಮೊದಲು ಒಂದು ಬೆರಳಿನ ಬಲ, ಆಮೇಲೆ ಕೈಯ ಬಲ, ಆಮೇಲೆ ಮೈಭಾರ. ಒತ್ತಡ ಹೆಗಲಲ್ಲಿ ನಿಂತರೆ ನೀವು ಹಿಂದಕ್ಕೆ ವಾಲುತ್ತೀರಿ. ತೊಡೆಸಂದು ಇನ್ನೊಂದು ಚೂರು ಮಡಿಸಿ, ಸೊಂಟದ ಹಿಂಭಾಗ ಸಡಿಲ ಮಾಡಿ. ಆಗ ಅದೇ ಒತ್ತಡ ಅಂಗಾಲಿಗೆ ಇಳಿಯುವುದು ಗೊತ್ತಾಗುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬನ್ನು ಒತ್ತಿದ ಹಾಗೆ, ಒತ್ತಿದಷ್ಟೂ ಒಳಗಿಂದ ಹೊರಕ್ಕೆ ಬರುವ ಈ ಬಲಕ್ಕೆ ಪಂಗ್ ಅನ್ನುತ್ತಾರೆ. ತೈ ಚಿಯಲ್ಲಿ ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ.

ಮಂಡಿ ವಿಷಯ ಗಮನವಿಟ್ಟು ಓದಿ, ತೈ ಚಿಯವರು ಜಾಸ್ತಿ ಕೆಡಿಸಿಕೊಳ್ಳುವುದು ಅದನ್ನೇ. ಮಂಡಿ ಯಾವಾಗಲೂ ಕಾಲ್ಬೆರಳು ನೋಡುವ ದಿಕ್ಕಿಗೇ ಇರಬೇಕು, ಒಳಕ್ಕೆ ಬೀಳಬಾರದು. ತಿರುಗುವುದು ತೊಡೆಸಂದಿನಲ್ಲಿ, ಮಂಡಿಯಲ್ಲಿ ಅಲ್ಲ. ಪಾದ ತಿರುಗಿಸುವ ಮೊದಲು ಅದರ ಮೇಲಿನ ಭಾರ ತೆಗೆಯಿರಿ. ಮಂಡಿಯ ಒಳಗೆ ನೋವು ಬಂದರೆ ನಿಲುವನ್ನು ಎತ್ತರಿಸಿ. ತಗ್ಗಿ ನಿಂತಷ್ಟೂ ದೊಡ್ಡ ಸಾಧಕ ಅನ್ನೋ ಭ್ರಮೆ ಬಿಡಿ.

3. ಸುರುಳಿ ಚಲನೆ

ಚಾನ್ ಸಿ ಗಾಂಗ್ ಅಂದರೆ ಸೊಂಟದಿಂದ ಹುಟ್ಟಿ ಕೈಬೆರಳವರೆಗೆ ಸುರುಳಿಯಾಗಿ ಹೋಗುವ ಚಲನೆಯ ಅಭ್ಯಾಸ. ಚೆನ್ ಶೈಲಿಯಲ್ಲಿ ಇದನ್ನು ಬೇರೆಯಾಗಿಯೇ ಮಾಡಿಸುತ್ತಾರೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಎದುರಿಗೆ ದೊಡ್ಡ ವೃತ್ತ. ಕೈ ತಾನಾಗಿ ಹೋಗಬಾರದು. ಕಾಲು ತಳ್ಳಿ, ಸೊಂಟ ತಿರುಗಿ, ಆಮೇಲೆ ಕೈ. ದಿನಾ ಎರಡೂ ಕಡೆ ಹತ್ತು ನಿಮಿಷ ಸಾಕು.

4. ಒಂದೇ ಫಾರ್ಮ್, ಅದೂ ಸ್ವಲ್ಪವೇ

ಫಾರ್ಮ್ ಅಂದರೆ ವರಸೆಗಳನ್ನು ಸಾಲಾಗಿ ಪೋಣಿಸಿದ ಪಾಠ. ಚೆನ್ ಶೈಲಿಯವರು ಲಾವೋಜಿಯಾ ಯಿಲು ಎಂಬ ಮೊದಲ ಪಾಠ ಹಿಡಿಯುತ್ತಾರೆ, ಯಾಂಗ್ ಶೈಲಿಯವರು ತಮ್ಮ ಉದ್ದ ಫಾರ್ಮಿನ ಮೊದಲ ಭಾಗ. ಯಾವುದಾದರೂ ಸರಿ, ಎರಡೂ ಒಟ್ಟಿಗೆ ಬೇಡ. ಮೊದಲ ಹತ್ತು ಹನ್ನೆರಡು ಭಂಗಿ ಬಂದ ಮೇಲೆ ನಿಲ್ಲಿಸಿ, ಒಂದೊಂದನ್ನೂ ಜೊತೆಗಾರನ ಮೇಲೆ ಮಾಡಿ ನೋಡಿ. ಐದು ಫಾರ್ಮ್ ಗೊತ್ತು, ಕತ್ತಿಯದೂ ಗೊತ್ತು, ಆದರೆ ಒಂದು ಭಂಗಿಯ ಉಪಯೋಗವೂ ಗೊತ್ತಿಲ್ಲ ಅನ್ನುವವರು ಬಹಳ ಜನ ಇದ್ದಾರೆ.

ಒಂದನ್ನು ಬಿಡಿಸಿ ಹೇಳುತ್ತೇನೆ. ಯಾಂಗ್ ಶೈಲಿಯಲ್ಲಿ ಲಾನ್ ಚ್ಯುವೆ ವೇಯ್ ಅಂತ ಒಂದು ಸರಣಿ ಬರುತ್ತದೆ. ಪಂಗ್, ಲ್ಯು, ಜಿ, ಆನ್ ಎಂಬ ನಾಲ್ಕು ಮೂಲ ಬಲಗಳು ಅದರಲ್ಲೇ ಇವೆ. ನಿಮ್ಮ ಬಲಗಾಲು ಮುಂದಿದೆ ಅಂದುಕೊಳ್ಳಿ. ಎದುರಾಳಿ ಎಡಗೈಯಲ್ಲಿ ಗುದ್ದುತ್ತಾನೆ. ನಿಮ್ಮ ಎಡಗೈ ಅವನ ಎಡ ಮಣಿಕಟ್ಟಿಗೆ ಹೊರಗಿನಿಂದ ಅಂಟುತ್ತದೆ, ಬಲ ಮುಂಗೈ ಅವನ ಮೊಣಕೈಗಿಂತ ಸ್ವಲ್ಪ ಮೇಲೆ ಕೂರುತ್ತದೆ. ಈಗ ಹಿಂಗಾಲಿನ ಮೇಲೆ ಕೂತು ಸೊಂಟವನ್ನು ಎಡಕ್ಕೆ ತಿರುಗಿಸಿ. ಅವನ ಗುದ್ದು ನಿಮ್ಮ ಪಕ್ಕದಿಂದ ಹಾದು ಹೋಗುತ್ತದೆ, ಜೊತೆಗೆ ಅವನೂ ಬರುತ್ತಾನೆ. ಇದು ಲ್ಯು.

ಇಲ್ಲಿ ಆಗುವ ತಪ್ಪು: ಸೊಂಟ ತಿರುಗಿಸದೆ ಕೈಯಿಂದ ಎಳೆಯುವುದು. ಹಾಗೆ ಎಳೆದರೆ ಅವನ ಭಾರವೆಲ್ಲ ನಿಮ್ಮ ಮೇಲೇ ಬಂದು ಬೀಳುತ್ತದೆ. ಅವನು ಬೀಳದೆ ಕೈ ಹಿಂದಕ್ಕೆ ಎಳೆದುಕೊಂಡ ಅಂದುಕೊಳ್ಳಿ. ಬಿಡಬೇಡಿ, ಅವನ ಜೊತೆಗೇ ಹೋಗಿ. ಬಲ ಮುಂಗೈ ಅವನ ಎದೆಗೆ ಅಡ್ಡವಾಗಿ, ಎಡ ಅಂಗೈ ನಿಮ್ಮದೇ ಬಲ ಮಣಿಕಟ್ಟಿನ ಮೇಲೆ, ಹಿಂಗಾಲಿನಿಂದ ಮುಂದಕ್ಕೆ. ಇದು ಜಿ. ಅವನು ಎರಡೂ ಕೈ ತಂದು ಅಡ್ಡ ಹಿಡಿದರೆ ಆ ಕೈಗಳ ಮೇಲೇ ಅಂಗೈ ಇಟ್ಟು, ಸ್ವಲ್ಪ ಹಿಂದೆ ಸರಿದು ಕೆಳಗಿಳಿಸಿ, ತಕ್ಷಣ ಮುಂದಕ್ಕೆ ತಳ್ಳಿ. ಇದು ಆನ್. ಅವನು ಏನು ಮಾಡಿದ ಅನ್ನೋದರ ಮೇಲೆ ಮುಂದಿನದು ನಿಂತಿದೆ, ಹಾಗಾಗಿ ಸರಣಿಯನ್ನು ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ.

ಲ್ಯುನಲ್ಲಿ ಜೊತೆಗಾರನ ಮೊಣಕೈ ಕೀಲಿನ ಮೇಲೆ ನೇರ ಒತ್ತಡ ಬೀಳುತ್ತದೆ. ಜೋರಾಗಿ ಜಗ್ಗಬೇಡಿ. ಅವನು ಕೈ ತಟ್ಟಿದ ಕೂಡಲೇ ಬಿಡಬೇಕು.

5. ತುಯ್ ಶೌ

ಇದೇ ನಡುಮನೆ. ಇಬ್ಬರು ಎದುರೆದುರು ನಿಂತು ಕೈಗೆ ಕೈ ಅಂಟಿಸಿ ತಳ್ಳುವ, ತಳ್ಳಿದ್ದನ್ನು ತಪ್ಪಿಸುವ ಅಭ್ಯಾಸಕ್ಕೆ ತುಯ್ ಶೌ ಅಂತ ಹೆಸರು. ಇಲ್ಲಿ ಗೆಲ್ಲೋಕೆ ಬರಬೇಡಿ. ಇಲ್ಲಿ ಬೆಳೆಯುವುದು ತಿಂಗ್ ಜಿನ್, ಅಂದರೆ ಎದುರಿನವನ ಬಲ ಎಲ್ಲಿಂದ ಬರುತ್ತಿದೆ, ಎತ್ತ ಹೋಗುತ್ತಿದೆ ಅಂತ ಚರ್ಮದಿಂದಲೇ ತಿಳಿಯುವ ಶಕ್ತಿ. ಅದು ಬಂದ ಮೇಲೆ ಹುವಾ ಜಿನ್, ಬಂದ ಬಲವನ್ನು ದಾರಿ ತಪ್ಪಿಸುವುದು. ಕಣ್ಣು ನೋಡಿ ನಿರ್ಧಾರ ಮಾಡುವಷ್ಟು ಸಮಯ ಹತ್ತಿರದ ಹೊಡೆದಾಟದಲ್ಲಿ ಸಿಗುವುದಿಲ್ಲ, ಅದಕ್ಕೇ ಮುಟ್ಟಿ ತಿಳಿಯಬೇಕು.

ಒಂದು ಕೈಯದರಿಂದ ಶುರು ಮಾಡಿ. ಇಬ್ಬರದೂ ಬಲಗಾಲು ಮುಂದೆ, ಇಬ್ಬರ ಬಲ ಮಣಿಕಟ್ಟಿನ ಹಿಂಭಾಗ ಒಂದಕ್ಕೊಂದು ತಾಗಿರಲಿ. ಅವನು ಅಂಗೈ ತಿರುಗಿಸಿ ನಿಮ್ಮ ಎದೆಯ ಕಡೆ ತಳ್ಳುತ್ತಾನೆ. ನೀವು ಮುಂಗೈ ದುಂಡಗೆ ಇಟ್ಟುಕೊಂಡೇ ಹಿಂಗಾಲಿಗೆ ಭಾರ ತಂದು, ಸೊಂಟ ಬಲಕ್ಕೆ ತಿರುಗಿಸಿ ಆ ತಳ್ಳನ್ನು ಪಕ್ಕಕ್ಕೆ ಕಳಿಸುತ್ತೀರಿ. ಆಮೇಲೆ ನಿಮ್ಮ ಅಂಗೈ ತಿರುಗುತ್ತದೆ, ಈಗ ನಿಮ್ಮ ಸರದಿ. ನಿಧಾನ, ಮಾತಿಲ್ಲದೆ. ಒಂದೆರಡು ತಿಂಗಳಾದ ಮೇಲೆ ಎರಡೂ ಕೈ, ಮೇಲೆ ಹೇಳಿದ ನಾಲ್ಕು ಬಲಗಳು ಸುತ್ತುತ್ತಾ ಬರುವ ಹಾಗೆ. ಅದು ಹಿಡಿತಕ್ಕೆ ಬಂದ ಮೇಲೆ ಹೆಜ್ಜೆ ಹಾಕುತ್ತಾ. ಕೊನೆಗೆ ಯಾವ ಕ್ರಮವೂ ಇಲ್ಲದೆ.

ಹಳಬರು ನಾಲ್ಕು ದೋಷಗಳನ್ನು ಹೆಸರಿಟ್ಟು ಹೇಳಿದ್ದಾರೆ. ಡಿಂಗ್, ಬಲಕ್ಕೆ ಎದುರು ಬಲ ಕೊಟ್ಟು ಗುಮ್ಮುವುದು. ದಿಯು, ಹೆದರಿ ಕೈ ಬಿಟ್ಟು ಓಡುವುದು, ಅಂಟು ತಪ್ಪುವುದು. ಬಿಯೆನ್, ಆಕಾರ ಕಳೆದುಕೊಂಡು ಚಪ್ಪಟೆಯಾಗುವುದು. ಕಾಂಗ್, ಬಿಗಿದು ನಿಂತು ತಡೆಯುವುದು. ಗಟ್ಟಿಮುಟ್ಟಾದ ಹುಡುಗರು ಮೊದಲನೆಯದಕ್ಕೂ ಕೊನೆಯದಕ್ಕೂ ಬೀಳುತ್ತಾರೆ; ಫಾರ್ಮ್ ಚೆನ್ನಾಗಿ ಮಾಡುವವರು ಬಿಯೆನ್‌ಗೆ ಬೀಳುತ್ತಾರೆ, ಯಾಕಂದರೆ ಮೃದುವಾಗಿರಬೇಕು ಅಂತ ಅವರಿಗೆ ಹೇಳಿ ಹೇಳಿ ಅವರ ಕೈಯಲ್ಲಿ ಪಂಗ್ ಉಳಿದೇ ಇರುವುದಿಲ್ಲ. ಅವರ ಮುಂಗೈ ತಳ್ಳಿದರೆ ನೇರ ಅವರ ಎದೆಗೇ ಹೋಗಿ ಅಂಟುತ್ತದೆ. ಇಂಥವರಿಗೆ ಇನ್ನಷ್ಟು ಸಡಿಲಿಸಿ ಅನ್ನಬೇಡಿ, ಎರಡನೇ ಹಂತದ ಒತ್ತುವ ಪರೀಕ್ಷೆಗೆ ವಾಪಸ್ ಕಳಿಸಿ.

ನಾಲ್ಕು ಲಿಯಾಂಗ್ ತೂಕದಿಂದ ಸಾವಿರ ಜಿನ್ ತೂಕ ಸರಿಸಬಹುದು ಅಂತ ಒಂದು ಹಳೇ ಮಾತು ಚೀನಾದಲ್ಲಿದೆ. ಲಿಯಾಂಗ್ ಚಿಕ್ಕ ತೂಕ, ಜಿನ್ ದೊಡ್ಡ ತೂಕ; ಮೇಲೆ ಬಂದ ತಿಂಗ್ ಜಿನ್‌ನ ಜಿನ್ ಬೇರೆ. ಅದನ್ನು ನಂಬಿ ಶಕ್ತಿಯೇ ಬೇಡ ಅಂದುಕೊಳ್ಳುವವರು ಇದ್ದಾರೆ. ಸಾವಿರ ಜಿನ್‌ನ ದಾರಿ ತಪ್ಪಿಸುವಾಗ ಕಾಲು ಸೊಂಟ ಹಿಡಿದು ನಿಲ್ಲದಿದ್ದರೆ ಆ ನಾಲ್ಕು ಲಿಯಾಂಗೂ ನಿಮ್ಮ ಕೈಯಲ್ಲಿರುವುದಿಲ್ಲ. ಬಸ್ಕಿ ಹೊಡೆಯಿರಿ, ಭಾರ ಎತ್ತಿ.

ಒಬ್ಬನ ಜೊತೆಗೇ ವರ್ಷಗಟ್ಟಲೆ ಮಾಡಬೇಡಿ. ಅವನ ಲಯ ನಿಮಗೆ ಗೊತ್ತಾಗಿ ಹೋಗುತ್ತದೆ. ಎತ್ತರದವರು, ದಪ್ಪಗಿರುವವರು, ತೈ ಚಿ ಗೊತ್ತೇ ಇಲ್ಲದವರು, ಎಲ್ಲರ ಕೈಯೂ ಬೇಕು.

6. ಹೊಡೆತ

ಫಾ ಜಿನ್ ಅಂದರೆ ಕೂಡಿಟ್ಟ ಬಲವನ್ನು ಒಮ್ಮೆಗೇ ಹೊರಬಿಡುವುದು. ಕಾಲಿಂದ ಎದ್ದು ಸೊಂಟದಲ್ಲಿ ತಿರುಗಿ ಕೈಗೆ ಬರಬೇಕು. ಚೆನ್ ಶೈಲಿಯ ಎರಡನೇ ಪಾಠ ಪಾವ್ ಚುಯಿ ಪೂರ್ತಿ ಈ ರೀತಿಯ ವೇಗದ ಹೊಡೆತಗಳಿಂದ ತುಂಬಿದೆ, ತೈ ಚಿ ಎಂದರೆ ನಿಧಾನ ಅಂದುಕೊಂಡವರು ಒಮ್ಮೆ ನೋಡಲೇಬೇಕು. ಗಾಳಿಯಲ್ಲಿ ಫಾ ಜಿನ್ ಮಾಡುವಾಗ ಮೊಣಕೈ ಪೂರ್ತಿ ಚಾಚಬೇಡಿ, ಕೀಲು ಹಾಳಾಗುತ್ತದೆ. ಕತ್ತು ಝಾಡಿಸಬೇಡಿ. ಮುಖ್ಯವಾಗಿ, ಗಾಳಿಯಲ್ಲಿ ಚಟ್ ಅಂತ ಸದ್ದು ಬಂದರೆ ಸಾಲದು. ಪ್ಯಾಡ್ ಹಿಡಿಸಿ ಹೊಡೆಯಿರಿ, ಪಂಚಿಂಗ್ ಬ್ಯಾಗ್ ಹೊಡೆಯಿರಿ. ಬಟ್ಟೆಯ ಸದ್ದಿಗೂ ಹೊಡೆತದ ತೂಕಕ್ಕೂ ಸಂಬಂಧವಿಲ್ಲ ಅಂತ ಮೊದಲ ದಿನವೇ ಗೊತ್ತಾಗುತ್ತದೆ.

7. ಬಿಟ್ಟುಕೊಡದವನ ಜೊತೆ

ತುಯ್ ಶೌ ಚೆನ್ನಾಗಿ ಬಂದರೂ ಅದು ಹೊಡೆದಾಟ ಆಗಲ್ಲ. ಅಲ್ಲಿ ಕೈಗಳು ಮೊದಲೇ ಅಂಟಿರುತ್ತವೆ. ನಿಜವಾಗಿ ಗುದ್ದಾಡುವವನು ಕೈ ಅಂಟಿಸಿಕೊಂಡು ಕಾಯುವುದಿಲ್ಲ, ಗುದ್ದಿ ಹಿಂದಕ್ಕೆ ಹೋಗಿರುತ್ತಾನೆ. ಆ ದೂರ ದಾಟಿ ಅಂಟಿಕೊಳ್ಳುವುದು ಹೇಗೆ ಅನ್ನುವುದನ್ನೇ ಬಹಳ ಕ್ಲಾಸುಗಳಲ್ಲಿ ಕಲಿಸುವುದಿಲ್ಲ.

ಹೀಗೆ ಮಾಡಿ. ಮೊದಲು ಬರೀ ಹಿಡಿದಾಟ: ಎರಡು ಮೀಟರಿನ ವೃತ್ತದಿಂದ ಹೊರಗೆ ಹಾಕುವುದು. ಆಮೇಲೆ ಮ್ಯಾಟ್ ಹಾಸಿ ಕೆಡವುವುದು. ಆಮೇಲೆ ಒಬ್ಬ ಗ್ಲೌಸ್ ಹಾಕಿ ನೇರ ಗುದ್ದು ಮಾತ್ರ ಹೊಡೆಯಬೇಕು, ಇನ್ನೊಬ್ಬ ಗುದ್ದದೆ ಒಳಗೆ ನುಗ್ಗಿ ಅಂಟಿಕೊಳ್ಳಬೇಕು. ಎರಡು ನಿಮಿಷದ ಸುತ್ತು, ಸರದಿ ಬದಲು. ಈ ಒಂದು ಅಭ್ಯಾಸ ಎಲ್ಲಕ್ಕಿಂತ ಜಾಸ್ತಿ ಕಲಿಸುತ್ತದೆ. ಕೊನೆಗೆ ಇಬ್ಬರಿಗೂ ಎಲ್ಲವೂ, ಅರ್ಧ ಬಲದಲ್ಲಿ, ಮೌತ್‌ಗಾರ್ಡ್ ಹಾಕಿಕೊಂಡು. ತಲೆಗೆ ಬಲವಾದ ಪೆಟ್ಟು ಬಿದ್ದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ, ತಲೆಸುತ್ತು ವಾಂತಿ ಇದ್ದರೆ ಡಾಕ್ಟರ ಹತ್ತಿರ ಹೋಗಿ.

1954ರ ಜನವರಿಯಲ್ಲಿ ಮಕಾವ್‌ನಲ್ಲಿ ವೂ ಶೈಲಿಯ ತೈ ಚಿ ಕಲಿತ ವೂ ಗಾಂಗ್‌ಯಿ ಮತ್ತು ಬಿಳಿ ಕೊಕ್ಕರೆ ಶೈಲಿಯ ಚೆನ್ ಕೆಫು ಸಾರ್ವಜನಿಕವಾಗಿ ಕಾದಾಡಿದರು, ಸೋಲು ಗೆಲುವು ಘೋಷಿಸದೆ ಪಂದ್ಯ ನಿಲ್ಲಿಸಲಾಯಿತು. ಅದರ ಚಿತ್ರೀಕರಣ ಈಗಲೂ ನೋಡಲು ಸಿಗುತ್ತದೆ. ನೋಡಿ. ಫಾರ್ಮಿನ ಚೆಂದದ ಭಂಗಿಗಳು ಅಲ್ಲಿ ಕಾಣುವುದಿಲ್ಲ, ಗಡಿಬಿಡಿ, ದೂರ, ದಣಿವು ಕಾಣುತ್ತವೆ. 2017ರಲ್ಲಿ ಚೆಂಗ್ಡುವಿನಲ್ಲಿ ತೈ ಚಿ ಕಲಿಸುವವರೊಬ್ಬರು ಮಿಶ್ರ ಸಮರ ಕಲೆಯ ಕ್ರೀಡಾಪಟುವಿನ ಎದುರು ಕೆಲವೇ ಕ್ಷಣಗಳಲ್ಲಿ ಸೋತರು. ಅದನ್ನೂ ನೋಡಿ, ನಗೋಕೆ ಅಲ್ಲ. ಗುದ್ದಿನ ಸುರಿಮಳೆ ಮೊದಲ ಸಲ ಎದುರಿಸಿದಾಗ ಮನುಷ್ಯನಿಗೆ ಏನಾಗುತ್ತದೆ ಅಂತ ತಿಳಿಯೋಕೆ. ನಿಮ್ಮ ಶಿಷ್ಯರಿಗೆ ಆ ಮೊದಲ ಸಲ ಕ್ಲಾಸಿನೊಳಗೆ, ಗೆಳೆಯರ ನಡುವೆ ಆಗಲಿ.

8. ಕಲಿಸುವವರಿಗೆ

ಒಂದೂವರೆ ಗಂಟೆಯ ಕ್ಲಾಸನ್ನು ನಾನು ಹೀಗೆ ಹಂಚುತ್ತೇನೆ: ಮೈ ಬಿಸಿ ಮಾಡೋದು 10 ನಿಮಿಷ, ನಿಲ್ಲೋದು 10, ಸುರುಳಿ ಮತ್ತು ಹೆಜ್ಜೆ 10, ಫಾರ್ಮ್ 20, ತುಯ್ ಶೌ 30, ಪ್ಯಾಡ್ ಅಥವಾ ಹಿಡಿದಾಟ 10. ಫಾರ್ಮ್ ಪೂರ್ತಿ ಮುಗಿಯಲಿ, ಆಮೇಲೆ ಜೊತೆಗಾರನ ಅಭ್ಯಾಸ ಅಂತ ಮುಂದೂಡಬೇಡಿ. ಮೊದಲ ವಾರವೇ ಕೈಗೆ ಕೈ ತಾಗಬೇಕು. ತಡ ಮಾಡಿದಷ್ಟೂ ಶಿಷ್ಯರಿಗೆ ಸ್ಪರ್ಶದ ಅಂಜಿಕೆ ಗಟ್ಟಿಯಾಗುತ್ತದೆ.

ಮುಟ್ಟುವ ಮೊದಲು ಕೇಳಿ. ಹೆಣ್ಣುಮಕ್ಕಳು ಕ್ಲಾಸಿನಲ್ಲಿದ್ದರೆ ಎದೆಗೆ ತಳ್ಳುವ ಬದಲು ಹೆಗಲಿಗೆ, ಅಡ್ಡಲಾಗಿ ಮಡಿಸಿದ ಕೈಗಳಿಗೆ ತಳ್ಳುವ ನಿಯಮ ಎಲ್ಲರಿಗೂ ಮೊದಲ ದಿನವೇ ಹೇಳಿ, ಅವರಿಗೊಬ್ಬರಿಗೇ ಅಂತ ಬೇಡ. ಜೊತೆಗಾರರನ್ನು ಬದಲಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿ, ಕಾರಣ ಕೇಳಬೇಡಿ. ಆರೋಗ್ಯಕ್ಕಾಗಿ ಬಂದ ಹಿರಿಯರನ್ನು ಏಳನೇ ಹಂತಕ್ಕೆ ಎಳೆಯಬೇಡಿ, ಆದರೆ ಒಂದು ಕೈಯ ತುಯ್ ಶೌ ಅವರಿಗೂ ಮಾಡಿಸಿ. ಅವರು ಅದನ್ನು ಬಹಳ ಇಷ್ಟಪಡುತ್ತಾರೆ.

ಶಿಷ್ಯರು ನಿಮಗಾಗಿ ಬೀಳುತ್ತಿದ್ದಾರಾ ಅಂತ ಆಗಾಗ ನೋಡಿಕೊಳ್ಳಿ. ನೀವು ತಳ್ಳುವ ಹಾಗೆ ಮಾಡಿ ತಳ್ಳದೆ ನಿಲ್ಲಿ. ಅವರು ಹಿಂದಕ್ಕೆ ಹೋದರೆ ರೋಗ ಶುರುವಾಗಿದೆ ಅಂತ ಅರ್ಥ. ಅಲ್ಲೇ ಹೇಳಿ, ಪ್ರೀತಿಯಿಂದಲೇ, "ನಾನಿನ್ನೂ ತಳ್ಳಲೇ ಇಲ್ಲ, ವಾಪಸ್ ಬನ್ನಿ" ಅಂತ. ನಿಮ್ಮನ್ನು ತಳ್ಳಿ ಬೀಳಿಸಿದ ಶಿಷ್ಯನನ್ನು ಎಲ್ಲರ ಮುಂದೆ ಮೆಚ್ಚಿ, ಹೇಗೆ ಮಾಡಿದ ಅಂತ ಅವನಿಂದಲೇ ಮಿಕ್ಕವರಿಗೆ ಹೇಳಿಸಿ.

ಚಾಕು ಹಿಡಿದವನನ್ನು ತೈ ಚಿಯಿಂದ ತಡೆಯಬಹುದು, ಇಷ್ಟು ತಿಂಗಳಲ್ಲಿ ಆತ್ಮರಕ್ಷಣೆ ಬರುತ್ತದೆ ಅಂತೆಲ್ಲ ಭರವಸೆ ಕೊಡಬೇಡಿ. ಮುಟ್ಟದೆ ಕೆಡವುತ್ತೇನೆ ಅನ್ನುವವರ ವಿಡಿಯೊ ಶಿಷ್ಯರು ತಂದು ತೋರಿಸಿದರೆ ಜಾರಿಕೊಳ್ಳದೆ ಅದು ಸುಳ್ಳು ಅಂತ ನೇರವಾಗಿ ಹೇಳಿ. ಇನ್ನು, ನಿಮ್ಮ ಶಿಷ್ಯನೊಬ್ಬ ತಾನೂ ಕ್ಲಾಸ್ ಶುರು ಮಾಡುತ್ತೇನೆ ಅಂದಾಗ ಅವನ ಫಾರ್ಮ್ ನೋಡಿ ಒಪ್ಪಬೇಡಿ. ಅವನನ್ನು ಗುರುತೇ ಇಲ್ಲದ ಜೂಡೊ ಅಥವಾ ಕುಸ್ತಿಯವರ ಹತ್ತಿರ ಕೆಲವು ತಿಂಗಳು ಕಳಿಸಿ, ಅಲ್ಲಿಂದ ಬಂದ ಮೇಲೆ ಅವನ ಕೈಗೆ ಕೈ ಕೊಟ್ಟು ನೋಡಿ, ಆಮೇಲೆ ನಿರ್ಧರಿಸಿ.